ಹೊಗೆಯಾಡುತ್ತಿದ್ದ ಬತ್ತಿ

ತೀರಿಹೋದ ಪಕ್ಕದ ಮನೆ ಅಕ್ಕನ ನೆನಪಿಗೆ ಗಮಕ ಸಭೆಯವರು ಒಂದು ಸಂಚಿಕೆ ತರುತ್ತಿದ್ದಾರಂತೆ. ಸಭೆಯ ಕಾರ್ಯದರ್ಶಿಗಳು ಫೋನ್ ಮಾಡಿ, “ಒಂದು ಪುಟ ಬರ್ಕೊಡಿ ಮೇಡಂ, ನೀವು ಹತ್ತಿರದಿಂದ ನೋಡಿದೋರು. ಅವರ ತಾಳ್ಮೆ ವಿಚಾರ ಬಂದ್ರೆ ಚೆನ್ನಾಗಿರುತ್ತೆ,” ಎಂದರು. ಮುನ್ನುಡಿ ಆಗಲೇ ಅಚ್ಚಿಗೆ ಹೋಗಿದೆಯಂತೆ. ಬರೆದವರು ಅವರ ಅಣ್ಣ. ತಲೆಬರಹ, ‘ಸಹನೆಯ ಸಾಕಾರ’. ಕೇಳಿ ನನಗೆ ಮೈ ಉರಿದುಹೋಯಿತು. ಹತ್ತಿರದಿಂದ ನೋಡಿದವಳು ನಾನು ಎಂಬುದೇನೋ ನಿಜ. ಹಾಗೆ ನೋಡಿದ್ದರಿಂದಲೇ ಹೇಳುತ್ತೇನೆ, ಅವರಿಗೆ ತಾಳ್ಮೆಗೀಳ್ಮೆ ಏನೂ ಇರಲಿಲ್ಲ. ಬೇರೆ ದಾರಿ ಇಲ್ಲದೆ ಕೂತಿದ್ದವರನ್ನು ಜನ ತಾಳ್ಮೆಯವರು ಅಂದುಕೊಂಡರು, ಅಷ್ಟೇ. ಒಂದು ಪುಟದಲ್ಲಿ ಇದು ಮುಗಿಯುವ ಮಾತಲ್ಲ. ಅವರ ಸಂಚಿಕೆಗೆ ಇದು ಬೇಕಾಗಿಯೂ ಇಲ್ಲ. ನನಗಾಗಿ ಬರೆದುಕೊಳ್ಳುತ್ತಿದ್ದೇನೆ.

ಅವರು ಗಮಕಿ. ಗಮಕ ಕೇಳದವರಿಗೆ ಒಂದು ಮಾತು: ಹಳೆಯ ಕಾವ್ಯದ ಪದ್ಯವನ್ನು ಒಬ್ಬರು ರಾಗವಾಗಿ ಓದುತ್ತಾರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ಅದರ ಅರ್ಥ ಬಿಡಿಸಿ ಹೇಳುತ್ತಾರೆ. ಅರ್ಥ ಹೇಳಿ ಮುಗಿಸಿ ಅವರು “ಹೂಂ” ಎಂದರೆ ಮುಂದಿನ ಪದ್ಯ. ಚಾಮರಾಜಪುರಂನಲ್ಲಿ ಒಂದು ಹಳೆಯ ಮನೆಯ ಮಹಡಿಯ ಮೇಲೆ ಶನಿವಾರ ಸಂಜೆಗಳಲ್ಲಿ ಇದು ನಡೆಯುತ್ತಿತ್ತು. ಓದುವವರು ಇವರು. ಅರ್ಥ ಹೇಳುವವರು ಇವರ ಅಣ್ಣ, ನಿವೃತ್ತ ಕನ್ನಡ ಮೇಷ್ಟ್ರು. ಅಣ್ಣ ತಂಗಿಯ ಜೋಡಿ ಅಂದರೆ ಮೈಸೂರಿನಲ್ಲಿ ಕಾವ್ಯದ ರುಚಿ ಇದ್ದವರಿಗೆಲ್ಲ ಗೊತ್ತಿತ್ತು. ಕರಪತ್ರದಲ್ಲಿ ಮೇಷ್ಟ್ರ ಹೆಸರು ಮೇಲೆ, ದೊಡ್ಡದಾಗಿ. ಕೆಳಗೆ ‘ವಾಚನ’ ಎಂದು ಇವರ ಹೆಸರು.

ನಾನು ರಾಮಕೃಷ್ಣನಗರದಲ್ಲಿ ಅವರ ಪಕ್ಕದ ಮನೆಯವಳು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಶನಿವಾರ ಮೇಷ್ಟ್ರು ಕಾರ್ಯದರ್ಶಿಗಳ ಕಾರಿನಲ್ಲಿ ಮುಂಚೆಯೇ ಹೋಗಿಬಿಡುತ್ತಿದ್ದರು, ನಾಲ್ಕು ಜನರ ಹತ್ತಿರ ಮಾತಾಡಲು. ಇವರು ಅಡುಗೆಮನೆ ಒರೆಸಿ, ಸೀರೆ ಬದಲಿಸಿ, ಬಟ್ಟೆಯ ಚೀಲದಲ್ಲಿ ಆ ಹಳೆಯ ಪುಸ್ತಕ ಇಟ್ಟುಕೊಂಡು ನನ್ನ ಸ್ಕೂಟರಿನ ಹಿಂದೆ ಕೂರುತ್ತಿದ್ದರು. ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿ ಸಣ್ಣಗೆ ರಾಗ. ಸಿಗ್ನಲ್‌ನಲ್ಲಿ ಪಕ್ಕದ ಆಟೋದವರು ತಿರುಗಿ ನೋಡುತ್ತಿದ್ದರು.

ಅವರದ್ದೊಂದು ಅಭ್ಯಾಸವಿತ್ತು. ಏನಾದರೂ ಒಂದು ಮಾತು ಹೇಳಿದ ಕೂಡಲೇ ನಿಲ್ಲಿಸಿ, ಕಣ್ಣು ತಗ್ಗಿಸಿ ಸುಮ್ಮನಾಗುತ್ತಿದ್ದರು. “ನಂಗೆ ಕಾಫಿ ಬೇಡ,” ಅನ್ನುವುದು, ಸುಮ್ಮನಾಗುವುದು. ಕೇಳಿದವರು ಗಾಬರಿಯಾಗಿ, “ಯಾಕೆ, ಮೈಗೆ ಹುಷಾರಿಲ್ವಾ?” ಎನ್ನಬೇಕು. ಇಷ್ಟು ವರ್ಷ ಒಂದು ಪದ್ಯ ಓದಿ, ಅರ್ಥಕ್ಕೆ ಜಾಗ ಬಿಟ್ಟು ಕೂತು ಕೂತು ಮಾತಿಗೂ ಅದೇ ಚಾಳಿ ಅಂಟಿತ್ತು. ಆ ಜಾಗ ತುಂಬಲು ಮೇಷ್ಟ್ರು ಇದ್ದೇ ಇರುತ್ತಿದ್ದರು. ಡಾಕ್ಟರು ಇವರನ್ನು ನೋಡಿ, “ಗಂಟಲು ಯಾವಾಗ ನೋಯುತ್ತೆ?” ಎಂದರೆ, “ಇವಳಿಗೆ ನುಂಗುವಾಗ ನೋವು ಡಾಕ್ಟ್ರೇ, ಸುಮ್ನಿದ್ದಾಗ ಇಲ್ಲ,” ಎಂದು ಅಣ್ಣ ಹೇಳುತ್ತಿದ್ದರು. ಸೀರೆ ಅಂಗಡಿಯಲ್ಲಿ ಇವರು ಒಂದು ಕೆಂಪು ಸೀರೆಯ ಮೇಲೆ ಕೈ ಇಟ್ಟರೆ, “ಬಣ್ಣ ನೋಡ್ತಿದಾಳೆ ಅಷ್ಟೇ. ಇವಳಿಗೆ ತೆಳು ಬಣ್ಣವೇ ಇಷ್ಟ.” ಅಂಗಡಿಯವನು ಕೆಂಪನ್ನು ಮಡಚಿ ಇಟ್ಟುಬಿಡುತ್ತಿದ್ದ.

ಹಾಗಂತ ಮೇಷ್ಟ್ರು ಕೆಟ್ಟವರೇ? ಕೆಟ್ಟವರಾಗಿದ್ದರೆ ಎಷ್ಟೋ ಸಲೀಸಿತ್ತು. ಮದುವೆಯಾದ ಹೊಸತರಲ್ಲೇ ಗಂಡನನ್ನು ಕಳೆದುಕೊಂಡು ಬಂದ ತಂಗಿಯನ್ನು ಕೂರಿಸಿಕೊಂಡು ಅಕ್ಷರಕ್ಷರ ಕಾವ್ಯ ಕಲಿಸಿದವರು ಅವರೇ. ಮನೆಯ ಹಿರಿಯರು ಗೊಣಗಿದಾಗ, ಇವಳು ನನ್ನ ಪಕ್ಕ ವೇದಿಕೆ ಮೇಲೆ ಕೂರ್ತಾಳೆ, ಏನು ಮಾಡ್ತೀರೋ ಮಾಡಿ ಎಂದವರೂ ಅವರೇ. ಶನಿವಾರ ಫ್ಲಾಸ್ಕಿನಲ್ಲಿ ಮೆಣಸಿನ ಹಾಲು ತುಂಬಿಸಿ ತಂಗಿಯ ಗಂಟಲಿಗೆಂದು ತಾವೇ ಹೊತ್ತುಕೊಂಡು ಹೋಗುತ್ತಿದ್ದರು. “ಆಗ ಅಣ್ಣ ಕೈ ಹಿಡೀದೇ ಇದ್ದಿದ್ರೆ ಹುಚ್ಚು ಹಿಡಿದು ಹೋಗಿರ್ತಿದ್ದೆ ಕಣೇ,” ಎಂದು ಇವರು ಎಷ್ಟೋ ಸಲ ಹೇಳಿದ್ದರು. ಬೈಯೋಣವೆಂದರೆ ಬಾಯಿ ಬರದ ಹಾಗೆ ಉಪಕಾರ ಮಾಡಿಟ್ಟಿದ್ದರು ಮಹಾರಾಯರು.

ಇನ್ನು ವರ್ಷಕ್ಕೊಮ್ಮೆ ಮೊದಲಿನಿಂದ ಓದಿಸುತ್ತಿದ್ದ ಆ ಕಾವ್ಯ. ಅದರಲ್ಲಿ ಒಬ್ಬ ದೊರೆ ದಂಡಯಾತ್ರೆಗೆ ಹೊರಡುವಾಗ, ರಾಣಿಗೆ ಯಾರಿಂದಲೂ ಅಪಾಯವಾಗದಿರಲಿ ಎಂದು ಅವಳನ್ನು ಉಪ್ಪರಿಗೆಯಲ್ಲಿ ಇರಿಸಿ, ಬಾಗಿಲು ಮುಚ್ಚಿ, ತನ್ನ ಮುದ್ರೆ ಒತ್ತಿ ಹೋಗುತ್ತಾನೆ. ಕಿಂಡಿಯಲ್ಲಿ ಅನ್ನ ನೀರು, ಎಣ್ಣೆ ಬತ್ತಿ. ದಿನಾ ಸಂಜೆ ರಾಣಿ ದೀಪ ಹಚ್ಚಿಡುತ್ತಾಳೆ, ಊರ ಜನ ಕಿಂಡಿಯ ಬೆಳಕನ್ನು ಕೆಳಗಿನಿಂದ ನೋಡಿ ಕೈ ಮುಗಿಯುತ್ತಾರೆ. ವರ್ಷಗಳು ಕಳೆದು ದೊರೆ ಗೆದ್ದು ಬರುತ್ತಾನೆ, ಮೆಟ್ಟಿಲು ಹತ್ತುತ್ತಾನೆ, ಮುದ್ರೆ ಒಡೆದು ಬಾಗಿಲು ತೆರೆಯುತ್ತಾನೆ. ಒಳಗೆ ಕತ್ತಲೆ. ದೀಪದ ಬತ್ತಿಯಿಂದ ಸಣ್ಣಗೆ ಹೊಗೆ ಏಳುತ್ತಿದೆ. ಕವಿ ಅಷ್ಟು ಹೇಳಿ ಆ ಪದ್ಯ ಮುಗಿಸುತ್ತಾನೆ. ಮುಂದಿನ ಪದ್ಯದಲ್ಲಿ ರಾಣಿ ಹೊಸ್ತಿಲು ದಾಟಿ ಹೊರಬರುತ್ತಾಳೆ, ಊರಿನಲ್ಲಿ ವಾದ್ಯ ಮೊಳಗುತ್ತದೆ.

ಮೇಷ್ಟ್ರಿಗೆ ಇದು ಕರತಲಾಮಲಕ. ರಾಣಿ ಎಂದರೆ ಜೀವ, ಮುಚ್ಚಿದ ಬಾಗಿಲು ಎಂದರೆ ಸಂಸಾರ, ದೊರೆ ಎಂದರೆ ಪರಮಾತ್ಮ, ದೀಪ ಎಂದರೆ ತಾಳ್ಮೆ. ಹಾಗಾದರೆ ಬಾಗಿಲು ತೆರೆದಾಗ ದೀಪ ಏಕೆ ಆರಿತ್ತು? ಇಲ್ಲಿಗೆ ಬಂದಾಗ ಅವರು ಕನ್ನಡಕ ತೆಗೆದು, ಎಲ್ಲರ ಮುಖ ನೋಡಿ, ಮೆಲ್ಲಗೆ ಹೇಳುತ್ತಿದ್ದರು: “ಸೂರ್ಯನೇ ಬಾಗಿಲಿಗೆ ಬಂದ ಮೇಲೆ ಹಣತೆಗೇನು ಕೆಲಸ?” ಪ್ರತಿ ಸಲ ಸಭೆ ಆಹಾ ಎನ್ನುತ್ತಿತ್ತು. ನಾನೂ ಎಂದಿದ್ದೇನೆ. ಹೇಳುವ ಚಂದ ಹಾಗಿತ್ತು.

ಇವರು ಮಾತ್ರ ಆ ಹೊತ್ತಿನಲ್ಲಿ ಪುಸ್ತಕದ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂರುತ್ತಿದ್ದರು.

ಒಂದು ಚಳಿಗಾಲದ ಮಧ್ಯಾಹ್ನ ಅವರ ಅಡುಗೆಮನೆಯಲ್ಲಿ ಇಬ್ಬರೂ ಕೂತು ಅವರೆಕಾಳು ಹಿದುಕುತ್ತಿದ್ದೆವು. ನಾನು ಕಾಲೇಜಿನ ಉತ್ತರ ಪತ್ರಿಕೆಗಳ ಗೋಳು ಹೇಳುತ್ತಿದ್ದೆ. ಅವರು ನಕ್ಕರು. “ನಿಮ್ಮ ಮಕ್ಕಳು ದೀಪ ಕಂಡ್ರೆ ಜ್ಞಾನ ಅಂತವೆ, ಕತ್ತಲೆ ಕಂಡ್ರೆ ಅಜ್ಞಾನ ಅಂತವೆ. ಕರೆಂಟ್ ಹೋದ್ರೂ ಅಜ್ಞಾನವೇನೇ?”

“ಮತ್ತೆ ಮೇಷ್ಟ್ರೂ ಹಂಗೇ ಹೇಳ್ತಾರಲ್ಲಕ್ಕ?”

ಅವರು ಒಂದು ಕಾಳು ಹಿದುಕಿ ಬಟ್ಟಲಿಗೆ ಹಾಕಿದರು. ಬಾಗಿಲ ಕಡೆ ನೋಡಿದರು. ಮೇಷ್ಟ್ರು ಮಲಗಿದ್ದರು.

“ಹಿಂದಿನ ಪದ್ಯ ನೆನಪಿದೆಯಾ? ಅವತ್ತು ಸಂಜೆ ರಾಣಿ ದೀಪದ ತುಂಬ ಎಣ್ಣೆ ಹುಯ್ತಾಳೆ. ಅಂಚಿನ ತನಕ ಅಂತ ಹೇಳ್ತಾನೆ ಕವಿ. ಗಾಳಿ ಬರೋಕೆ ಕಿಟಕಿ ಇಲ್ಲ, ಇರೋದು ಕೈ ತೂರೋ ಅಷ್ಟು ಕಿಂಡಿ. ಮತ್ತೆ ದೀಪ ಹೆಂಗೆ ಆರ್‍ತು? ಬತ್ತಿ ಇನ್ನೂ ಹೊಗೆ ಆಡ್ತಿದೆ ಅಂದ್ರೆ ಆಗತಾನೆ ಆರಿದೆ. ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳ್ತು, ಅವಳೇ ಆರಿಸಿದ್ಲು.”

“ಯಾಕೆ?”

“ಮುಖ ತೋರಿಸ್ಬಾರದು ಅಂತ. ಅಷ್ಟು ಸಿಟ್ಟು ಬಂದಿತ್ತು ಅವಳಿಗೆ.” ಎಂದಿನಂತೆ ಸುಮ್ಮನಾದರು. ಆಮೇಲೆ ಮೆಲ್ಲಗೆ, “ಅಷ್ಟು ವರ್ಷ ಕೂಡಿಹಾಕಿಸ್ಕೊಂಡೋಳು ಆ ಸಿಟ್ಟನ್ನ ಕತ್ತಲೆ ಮಾಡಿ ಅಲ್ದೆ ಇನ್ನು ಹೆಂಗೆ ಹೇಳ್ಬೇಕಿತ್ತು, ನೀನೇ ಹೇಳು,” ಎಂದರು.

ನನ್ನ ಕೈ ನಿಂತುಹೋಯಿತು. ಎಷ್ಟು ವರ್ಷದಿಂದ ಕನ್ನಡ ಪಾಠ ಹೇಳುತ್ತಿದ್ದೇನೆ, ಎಷ್ಟು ಪಾತ್ರ ವಿಮರ್ಶೆ ಬರೆಸಿದ್ದೇನೆ. ಹೊಗೆ ಇದ್ದರೆ ಆರಿಸಿದ ಕೈ ಇರಬೇಕು ಎಂದು ಆ ಸಭೆಯಲ್ಲಿ ನಮಗ್ಯಾರಿಗೂ ಹೊಳೆದಿರಲಿಲ್ಲ. “ಇದನ್ನ ಸಭೇಲಿ ಹೇಳಿ ಅಕ್ಕ,” ಎಂದೆ. “ಹಾಡೋರು ಅರ್ಥ ಹೇಳ್ತಾರೇನೇ?” ಎಂದು ಕಾಳಿನ ಬಟ್ಟಲು ಎತ್ತಿಕೊಂಡು ಎದ್ದರು.

ಹೇಳದೆಯೂ ಬಿಟ್ಟಿರಲಿಲ್ಲ, ಅದು ನನಗೆ ಆಮೇಲೆ ತಿಳಿಯಿತು. ಒಂದು ವರ್ಷ ಆ ಪದ್ಯವನ್ನು ಅಠಾಣದಲ್ಲಿ ಓದಿಬಿಟ್ಟಿದ್ದರಂತೆ, ರೋಷದ ಪದ್ಯಗಳಿಗೆ ಇಡುವ ರಾಗ ಅದು. ಮನೆಗೆ ಬಂದ ಮೇಲೆ ಮೇಷ್ಟ್ರು, “ಶಾಂತವಾದ ಪದ್ಯಕ್ಕೆ ಅಠಾಣ ಹಾಕ್ತಾರೇನೇ? ರಾಣಿ ಏನು ಯುದ್ಧಕ್ಕೆ ಹೊರಟಿದಾಳಾ?” ಎಂದರಂತೆ. “ನಾಲಿಗೆಗೆ ಬಂದ್ಬುಡ್ತು ಅಣ್ಣ,” ಎಂದು ಇವರು ತಪ್ಪಿಸಿಕೊಂಡರಂತೆ. ಮೇಷ್ಟ್ರು ಜಾಣರು. ಮರುವರ್ಷದಿಂದ ಆ ಪದ್ಯಕ್ಕೆ ಮುಂಚೆ ತಾವೇ ಮೈಕಿನಲ್ಲಿ, “ಈಗ ಆನಂದಭೈರವಿಯಲ್ಲಿ ಒಂದು ಪದ್ಯ ಕೇಳಿ,” ಎಂದು ಸಾರಿಬಿಡುತ್ತಿದ್ದರು. ಸಾರಿದ ಮೇಲೆ ಇನ್ನೇನಿದೆ, ಆ ಶಾಂತ ರಾಗದಲ್ಲೇ ಓದಬೇಕು.

ಹೀಗಿರುವಾಗ ಇವರ ದನಿ ಒಡೆಯತೊಡಗಿತು. ಮೇಲಿನ ಸ್ವರಕ್ಕೆ ಹೋದರೆ ಬರೀ ಗಾಳಿ. ಡಾಕ್ಟರು ಇನ್ನು ಹಾಡುವುದು ಬೇಡ ಎಂದರು. ಈ ಸಲದ ಓದು ಮುಗಿದ ಮೇಲೆ ಸಂಗೀತ ಕಲಿತ ಹುಡುಗಿಯೊಬ್ಬಳು ಓದುತ್ತಾಳೆ ಎಂದು ಸಭೆಯವರು ಗೊತ್ತು ಮಾಡಿದರು. “ಅರ್ಥಕ್ಕೆ ಹೆಂಗೂ ಮೇಷ್ಟ್ರು ಇದಾರಲ್ಲ, ಯೋಚನೆ ಇಲ್ಲ,” ಎಂದು ಕಾರ್ಯದರ್ಶಿಗಳು ನನ್ನ ಮುಂದೆಯೇ ಹೇಳಿದರು. ಇವರಿಗೆ ಅದು ಎಲ್ಲಿ ತಾಕಿತೆಂದು ನನಗೆ ಗೊತ್ತಿತ್ತು. ದನಿ ಹೋದರೆ ಆ ವೇದಿಕೆ ಹೋಯಿತು. ಆಮೇಲೆ ರಾಗದಲ್ಲಿ ಕದ್ದು ಹೇಳುವುದಕ್ಕೂ ಜಾಗವಿಲ್ಲ. ರಾಣಿಯ ಆ ಪದ್ಯ ಇನ್ನೊಂದೇ ಸಲ ಬರುವುದಿತ್ತು.

ಆ ವಾರ ಅವರು ಕೇಳಿಯೇಬಿಟ್ಟರು. ನಾನು ಅವರ ಹಜಾರದಲ್ಲಿ ಕಾಫಿ ಕುಡಿಯುತ್ತಿದ್ದೆ. ಬೇಕೆಂದೇ ನನ್ನ ಮುಂದೆ ಕೇಳಿದರೇನೋ.

“ಅಣ್ಣ, ಈ ಶನಿವಾರ ಹೊಗೆ ಪದ್ಯದ ಅರ್ಥ ನಾನು ಹೇಳ್ಲಾ? ಅದೊಂದೇ.”

ಮೇಷ್ಟ್ರು ನಕ್ಕರು. ಪ್ರೀತಿಯಿಂದಲೇ ನಕ್ಕರು. “ಹಾಡೋರು ಹಾಡ್ಬೇಕು, ಅರ್ಥ ಹೇಳೋರು ಹೇಳ್ಬೇಕು ಕಣೇ. ಅಡುಗೆಯವನೇ ಬಡಿಸೋಕೂ ನಿಂತ್ರೆ ಪಂಕ್ತಿ ಕೆಡುತ್ತೆ.” ನನ್ನ ಕಡೆ ತಿರುಗಿ, “ಗಂಟಲಿಗೆ ಹಿಂಗಾಗಿದೆಯಲ್ಲ, ಮನಸ್ಸಿಗೆ ಬೇಜಾರು ಇವಳಿಗೆ. ಅದಕ್ಕೇ ಏನೇನೋ ಕೇಳ್ತಾಳೆ,” ಎಂದರು. ಇವರು ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಇಲ್ಲಿ ಆ ಸಭೆಯ ಒಂದು ಕಟ್ಟಳೆ ಹೇಳಬೇಕು. ಕಾವ್ಯವನ್ನು ಅಮಂಗಳದ ಜಾಗದಲ್ಲಿ ನಿಲ್ಲಿಸಿ ಏಳಬಾರದು. ಯಾರಾದರೂ ಸತ್ತಿದ್ದರೆ, ಸೆರೆಯಲ್ಲಿದ್ದರೆ, ದೀಪ ಆರಿದ್ದರೆ, ಶುಭದ ಪದ್ಯ ಬರುವವರೆಗೆ ಓದಿಸಿ, ಕೇಳಿ, ಆಮೇಲೆ ಏಳಬೇಕು. ಒಮ್ಮೆ ಜೋರು ಮಳೆಗೆ ಕರೆಂಟ್ ಹೋಗಿತ್ತು. ಕತೆಯಲ್ಲಿ ರಾಜಕುಮಾರನಿಗೆ ಹಾವು ಕಚ್ಚಿತ್ತು. ಅವನು ಎದ್ದು ಕೂರುವ ತನಕ ಮೊಬೈಲಿನ ಬೆಳಕಿನಲ್ಲಿ ಓದಿಸಿದರು. ಬಿಪಿ ಮಾತ್ರೆಯ ಹೊತ್ತು ಮೀರಿದರೂ ಒಬ್ಬ ಹಿರಿಯರೂ ಕುರ್ಚಿ ಬಿಡಲಿಲ್ಲ. ನನಗೆ ನಗು. ಅವರಿಗೆ ಅದು ಜೀವದ ಮಾತು.

ಆ ಶನಿವಾರ ಮಹಡಿ ತುಂಬಿತ್ತು. ಇವರ ಕಡೆಯ ಓದುಗಳಲ್ಲಿ ಒಂದೆಂದು ಒಂಟಿಕೊಪ್ಪಲಿನಿಂದೆಲ್ಲ ಜನ ಬಂದಿದ್ದರು. ಎಣ್ಣೆ ತುಂಬಿಸಿದ ಪದ್ಯ ಓದಿದರು. ದೊರೆ ಮೆಟ್ಟಿಲು ಹತ್ತಿದ. ಮೇಷ್ಟ್ರು ಆನಂದಭೈರವಿ ಎಂದು ಸಾರಿದರು. ಇವರು ಆನಂದಭೈರವಿಯಲ್ಲೇ ಓದಿದರು, ದನಿ ಅಲ್ಲಲ್ಲಿ ಬಿರಿಯುತ್ತಿತ್ತು. ಬಾಗಿಲು ತೆರೆಯಿತು, ಕತ್ತಲೆ, ಹೊಗೆ. ಮೇಷ್ಟ್ರು ಕನ್ನಡಕ ತೆಗೆದರು. ಸೂರ್ಯ, ಹಣತೆ. ಸಭೆ ಆಹಾ ಎಂದಿತು.

“ಹೂಂ,” ಎಂದರು ಮೇಷ್ಟ್ರು.

ಇವರು ಓದಲಿಲ್ಲ. ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡು, “ನಂದೊಂದು ಮಾತಿದೆ,” ಎಂದರು.

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಸಭೆಯ ಮುಂದೆ ಬೇಡ ಎನ್ನಲಾದೀತೇ? “ಹೇಳಮ್ಮ, ಹೇಳು,” ಎಂದರು.

ಇವರು ಬಾಯಿ ತೆರೆದರು. “ಇಲ್ಲಿ ಕವಿ ಹೃದಯ ಏನಪ್ಪಾ ಅಂದರೆ,” ಎಂದು ಬಂತು. ಅದು ಮೇಷ್ಟ್ರ ಮಾತು, ಮೇಷ್ಟ್ರ ಧಾಟಿ, ‘ಏನಪ್ಪಾ’ದ ಎಳೆತ ಕೂಡ ಅವರದೇ. ಅದು ಇವರಿಗೇ ಕೇಳಿಸಿತು. ಮುಖ ಬಿಳುಚಿಕೊಂಡಿತು. ಜೀವಮಾನವೆಲ್ಲ ಕಿವಿಗೆ ಬಿದ್ದದ್ದು ಅದೊಂದೇ ಅರ್ಥ, ಬಾಯಿ ತೆರೆದರೆ ಮೊದಲು ಬರುವುದು ಅದೇ ತಾನೆ? ಇವರು ಒಂದು ಗುಟುಕು ನೀರು ಕುಡಿದು ಮತ್ತೆ ಮೈಕಿನ ಹತ್ತಿರ ಬಂದರು.

“ದೀಪ ಅವಳೇ ಆರಿಸಿದ್ದು,” ಎಂದರು. “ಅವಳಿಗೆ ಸಿಟ್ಟು ಬಂದಿತ್ತು.”

ಹೇಳಿ, ಅಭ್ಯಾಸದಂತೆ ಕಣ್ಣು ತಗ್ಗಿಸಿ ಸುಮ್ಮನಾದರು.

ನಿಲ್ಲಿಸಬೇಡಿ ಅಕ್ಕ, ಎಣ್ಣೆಯದ್ದು ಹೇಳಿ, ಹೆಜ್ಜೆ ಸದ್ದಿನದ್ದು ಹೇಳಿ ಎಂದು ನಾನು ಮನಸ್ಸಿನಲ್ಲೇ ಒದ್ದಾಡಿದೆ. ಆ ಬಿಟ್ಟ ಜಾಗಕ್ಕೆ ಮೇಷ್ಟ್ರು ಬಂದು ಕೂತಾಗಿತ್ತು. “ನೋಡಿ, ಎಷ್ಟು ಸೊಗಸಾಗಿ ಹೇಳಿದಳು. ಸಿಟ್ಟು ಅಂದರೆ ಇಲ್ಲಿ ಪ್ರಣಯಕೋಪ. ಇಷ್ಟು ದಿನ ಕಾಯಿಸಿದಿರಲ್ಲ ಸ್ವಾಮಿ ಅನ್ನೋ ಒಂದು ಮುನಿಸು. ತಾಳ್ಮೆಗೆ ಅದು ಭೂಷಣ. ಊಟಕ್ಕೆ ಉಪ್ಪಿನಕಾಯಿ ಇದ್ದ ಹಾಗೆ.” ಸಭೆ ನಕ್ಕಿತು. ಮುಂದಿನ ಸಾಲಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು. ಇವರು ಎಂದಿನಂತೆ ಪೂರ್ತಿ ಕೇಳಿದರು.

“ಹೂಂ,” ಎಂದರು ಮೇಷ್ಟ್ರು.

ಇವರು ಪುಸ್ತಕ ಮುಚ್ಚಿದರು. ಚೀಲಕ್ಕೆ ಹಾಕಿಕೊಂಡರು. ವೇದಿಕೆ ಇಳಿದು, ಎರಡು ಸಾಲುಗಳ ನಡುವೆ ನಡೆದು ನನ್ನ ಹತ್ತಿರ ಬಂದು, “ನಡಿಯೇ, ಸ್ಕೂಟರ್ ತೆಗಿ,” ಎಂದರು. ಅಷ್ಟು ಜನರ ಎದುರು ನಾನೂ ಎದ್ದು ಹೊರಟೆ. ಮೆಟ್ಟಿಲಿನಿಂದ ತಿರುಗಿ ನೋಡಿದರೆ ಒಬ್ಬರೂ ಕದಲಿರಲಿಲ್ಲ. ಹೆಂಗೆ ಕದಲುತ್ತಾರೆ? ಕತೆಯಲ್ಲಿ ದೀಪ ಆರಿದೆ, ರಾಣಿ ಇನ್ನೂ ಕತ್ತಲೆಯಲ್ಲಿದ್ದಾಳೆ.

ದಾರಿಯಲ್ಲಿ ಇವರು ಹಾಡಲಿಲ್ಲ. ಮನೆಗೆ ಬಂದವರೇ ಸೀರೆಯನ್ನೂ ಬದಲಿಸದೆ ಒಲೆ ಹಚ್ಚಿ ರವೆ ಹುರಿಯಲು ನಿಂತರು. ನಾನು ಈರುಳ್ಳಿ ಹೆಚ್ಚಿದೆ. “ಹೇಳೋಕೆ ಬರ್ಲಿಲ್ಲ ಕಣೇ,” ಎಂದರು, ಬಾಣಲೆ ನೋಡುತ್ತಲೇ. “ಇಷ್ಟು ವರ್ಷ ಕಾದಿದ್ದೆ. ಹೇಳೋಕೇ ಬರ್ಲಿಲ್ಲ. ಹೇಳಿದ್ದಕ್ಕೂ ಅವನೇ ಅರ್ಥ ಕೊಟ್ಬುಟ್ಟ.”

ಅಷ್ಟರಲ್ಲಿ ನನಗೆ ಫೋನ್ ಬಂತು. ಕಾರ್ಯದರ್ಶಿಗಳು. ಹಿಂದೆ ಗುಜುಗುಜು.

“ಮೇಡಂ, ಜನ ಕೂತೇ ಇದಾರೆ. ಪುಸ್ತಕ ಅಕ್ಕನೋರ ಹತ್ರ ಹೋಗ್ಬುಡ್ತು. ಫೋನಲ್ಲೆಲ್ಲ ಹುಡುಕಿದ್ವಿ, ಆ ಪದ್ಯ ಸಿಗ್ತಾ ಇಲ್ಲ. ಒಂದೇ ಒಂದು ಪದ್ಯ ಹಾಡಿಸ್ಬುಡಿ, ಮೈಕಿಗೆ ಹಿಡೀತೀನಿ.”

“ಯಾಕೆ, ಮೇಷ್ಟ್ರಿಗೆ ಬರಲ್ವಾ?” ಎಂದೆ.

ಅವರು ದನಿ ತಗ್ಗಿಸಿದರು. “ಅರ್ಥ ಪೂರ್ತಿ ಹೇಳಿದ್ರು ಮೇಡಂ. ಪದ್ಯ ನೆನಪಾಗ್ತಿಲ್ವಂತೆ.”

ಸ್ಪೀಕರ್ ಹಾಕಿದ್ದೆ, ಇವರಿಗೆ ಕೇಳಿಸಿತು. ಸೌಟು ಕೆಳಗಿಟ್ಟರು. ಅವರ ಮುಖದಲ್ಲಿ ನಗುವೂ ಅಲ್ಲದ, ಅಳುವೂ ಅಲ್ಲದ ಏನೋ ಬಂದು ಹೋಯಿತು. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು.

“ಅಣ್ಣಂಗೆ ಕೊಡಿ.”

ಫೋನ್ ಕೈ ಬದಲಾಯಿಸಿದ ಸದ್ದು. “ಏನೇ ಇದು, ಹಿಂಗೆ ಮಾಡ್ಬುಟ್ಟೆ? ಮೈಗೆ ಹುಷಾರಿಲ್ವಾ?” ಮೇಷ್ಟ್ರ ದನಿ ನಿಜವಾಗಿ ಗಾಬರಿಯಲ್ಲಿತ್ತು.

“ಹುಷಾರಾಗಿದೀನಿ. ಪದ್ಯ ಹಾಡ್ತೀನಿ ಅಣ್ಣ. ನೀನು ಅರ್ಥ ಹೇಳ್ಬಾರದು. ಹೇಳಲ್ಲ ಅಂದ್ರೆ ಹಾಡ್ತೀನಿ.”

ಆ ಕಡೆ ಫ್ಯಾನ್ ತಿರುಗುವುದು, ಯಾರೋ ಕೆಮ್ಮಿದ್ದು ಕೇಳಿಸಿತು. ಇವರೂ ಸುಮ್ಮನೆ ನಿಂತಿದ್ದರು. ಈ ಸಲ ಕಣ್ಣು ತಗ್ಗಿಸಿರಲಿಲ್ಲ.

“ಆಯ್ತು,” ಎಂದರು ಮೇಷ್ಟ್ರು. “ಹೇಳಲ್ಲ. ಹಾಡು.”

ಇವರು ಗೋಡೆಗೆ ಒರಗಿ, ಕಣ್ಣು ಮುಚ್ಚಿ ಅಠಾಣ ಎತ್ತಿಕೊಂಡರು. ರಾಣಿ ಹೊಸ್ತಿಲು ದಾಟಿದಳು. ಮೇಲಿನ ಸ್ವರದಲ್ಲಿ ದನಿ ಒಡೆಯಿತು, ಅದನ್ನು ಮುಚ್ಚಿಡಲಿಲ್ಲ, ಒಡೆದ ದನಿಯಲ್ಲೇ ಇನ್ನೊಮ್ಮೆ ಅದೇ ಸಾಲಿಗೆ ಹೋದರು. ಊರಿನ ವಾದ್ಯದವರೆಗೆ ಹಾಡಿ ನಿಲ್ಲಿಸಿದರು. ಪದ್ಯ ಮುಗಿಯಿತು. ಆಮೇಲೆ ಫೋನಿನಲ್ಲಿ ಯಾರೂ ಏನೂ ಹೇಳಲಿಲ್ಲ. ಆಹಾ ಎಂದೂ ಅನ್ನಲಿಲ್ಲ. ಮೇಷ್ಟ್ರು ಮಾತು ಉಳಿಸಿಕೊಂಡರು. ಎಷ್ಟು ಹೊತ್ತು ಹಾಗಿತ್ತೋ, ಕೊನೆಗೆ ಕಾರ್ಯದರ್ಶಿಗಳ ದನಿ ಮೆಲ್ಲಗೆ ಬಂತು. “ಅಕ್ಕನೋರೆ, ಏಳಬಹುದಾ?”

“ಏಳಿ,” ಎಂದರು ಇವರು. “ನಿಮ್ಮ ನಿಮ್ಮ ಮನೆಗೆ ಹೋಗಿ.”

ಕುರ್ಚಿಗಳು ಸರಿಯುವ ಸದ್ದು ಕೇಳಿಸಿತು. ಇವರು ಫೋನನ್ನು ನನ್ನ ಕೈಗಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಮತ್ತೆ ಒಲೆಯ ಮುಂದೆ ನಿಂತು ಕುದಿಯುವ ನೀರಿಗೆ ರವೆ ಸುರಿದರು. ಅಣ್ಣ ಹಸಿದು ಬರುವ ಹೊತ್ತಾಗಿತ್ತು.